ಕಾವಲುಗಾರನ ಆರೋಗ್ಯವೂ ಶ್ರಾವಕನ ಅಣುವ್ರತವೂ

ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು, ಚಾತುರ್ಮಾಸದಲ್ಲಿ ಹಸಿರು ಸೊಪ್ಪನ್ನೂ ತ್ಯಜಿಸುವುದು – ಇವು ಜೈನ ಗೃಹಸ್ಥನ ಕುಲಾಚಾರಗಳು. ಕಣ್ಣಿಗೆ ಕಾಣದ ಏಕೇಂದ್ರಿಯ ಜೀವಕ್ಕೂ ನೋವಾಗಬಾರದೆಂಬ ಎಚ್ಚರವೇ ಇವುಗಳ ಹಿಂದಿರುವ ಭಾವ. ಈ ಎಚ್ಚರಕ್ಕಾಗಿಯೇ ಲೋಕವು ಜೈನ ಸಮಾಜವನ್ನು ಗೌರವಿಸಿದೆ. ಆದರೆ ಅದೇ ಗೃಹಸ್ಥನ ಮನೆಯ ಗೇಟಿನಲ್ಲಿ, ಅಂಗಡಿಯ ಮೆಟ್ಟಿಲಿನಲ್ಲಿ, ಜಿನಮಂದಿರದ ಬಾಗಿಲಿನಲ್ಲಿ ಐದು ಇಂದ್ರಿಯಗಳೂ ಮನಸ್ಸೂ ಉಳ್ಳ ಒಂದು ಜೀವ ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಏಳು ದಿನ ನಿಂತಿರುತ್ತದೆ. ಶಾಸ್ತ್ರದ ಭಾಷೆಯಲ್ಲಿ ಅದು ಸಂಜ್ಞಿ ಪಂಚೇಂದ್ರಿಯ ಜೀವ. ಊರಿನ ಭಾಷೆಯಲ್ಲಿ ವಾಚ್‌ಮನ್. ನೀರು ಸೋಸುವ ಮನೆಗಳವರಲ್ಲಿ ಎಷ್ಟು ಜನ, ಆ ವಾಚ್‌ಮನ್‌ಗೆ ಕುಡಿಯುವ ನೀರು ಎಲ್ಲಿ ಸಿಕ್ಕುತ್ತದೆ ಎಂದು ವಿಚಾರಿಸಿದ್ದಾರೆ?

ಪ್ರಶ್ನೆ ಕಹಿಯಾದುದು. ಆದರೂ ಧರ್ಮದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳು ಅದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಪಾಳಿ ತಿಳಿದ ಊರು

ದಾವಣಗೆರೆ ಪಾಳಿಯ ಅರ್ಥ ತಿಳಿಯದ ಊರಲ್ಲ. ಹತ್ತಿ ಗಿರಣಿಗಳ ಬಲದಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಒಂದು ಪಾಳಿಯವರು ಒಳಗೆ ಹೋದರೆ ಇನ್ನೊಂದು ಪಾಳಿಯವರು ಹೊರಗೆ ಬರುತ್ತಿದ್ದರು. 1948ರ ಕಾರ್ಖಾನೆ ಕಾಯ್ದೆ ವಾರದ ದುಡಿಮೆಗೆ 48 ಗಂಟೆಗಳ ಮಿತಿಯನ್ನು ಹಾಕಿತ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಇಂಥದೇ ಶಿಸ್ತನ್ನು ಊರಿಗೆ ಕಲಿಸಿತು. ಕಾಲಾಂತರದಲ್ಲಿ ಗಿರಣಿಗಳು ಒಂದೊಂದಾಗಿ ನಿಂತವು. ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಗೇಟಿನ ಒಳಗಿನ ದುಡಿಮೆ ಕಡಿಮೆಯಾಗಿ ಗೇಟಿನ ಹೊರಗಿನ ದುಡಿಮೆ ಹೆಚ್ಚಾಯಿತು. ಐವತ್ತು ದಾಟಿದವನಿಗೆ, ಹೊಲ ಕೈಬಿಟ್ಟವನಿಗೆ, ಕೈಕಸುಬು ಇಲ್ಲದವನಿಗೆ ಇಂದು ಬೇಗ ಸಿಕ್ಕುವ ಕೆಲಸವೆಂದರೆ ಕಾವಲು.

ಸರಸ್ವತಿ ನಗರದಂಥ ವಸತಿ ಬಡಾವಣೆಯ ಮನೆ, ಚೌಕಿಪೇಟೆಯ ಅಂಗಡಿ, ಮಂಡಿಪೇಟೆಯ ಗೋದಾಮು, ಹರಿಹರದ ಕಾರ್ಖಾನೆ – ಎಲ್ಲಿಯೇ ಆಗಲಿ, ಕಾವಲಿಗೆ ಆಳು ಬೇಕಾದಾಗ ಮಾಲೀಕನು ಆಡುವ ಮಾತು ಒಂದೇ: 'ಹಗಲಿಗೊಬ್ಬ, ರಾತ್ರಿಗೊಬ್ಬ.' ಈ ಎರಡು ಪದಗಳಲ್ಲಿಯೇ ಎಲ್ಲ ಅನ್ಯಾಯವೂ ಅಡಗಿದೆ. ಬಟ್ಟೆ ನೇಯುವವನಿಗೆ ಎಂಟು ಗಂಟೆ ಸಾಕೆಂದು ಒಪ್ಪಿಕೊಂಡ ಊರು, ಕಾಯುವವನಿಗೆ ಹನ್ನೆರಡು ಗಂಟೆ ಎಂದು ಹೇಗೆ ಒಪ್ಪಿತು?

ದೇಹವು ಸಲ್ಲಿಸುವ ಲೆಕ್ಕ

ಕಾವಲು ಹಗುರವಾದ ಕೆಲಸವೆಂಬುದು ರೂಢಿಯ ಮಾತು. 'ಸುಮ್ಮನೆ ಕೂತಿರುವುದು ತಾನೇ' ಎನ್ನುವವರೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಟ್ಟಾಗಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೆಯೇ ಮಾತನ್ನು ಹೇಳುತ್ತದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಅತಿಯಾದ ದುಡಿಮೆಯ ಕಾರಣದಿಂದ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7,45,000 ಜನ ಸತ್ತರೆಂದು ಅದೇ ಅಧ್ಯಯನ ಅಂದಾಜು ಮಾಡಿತು. ಆ ಗಡಿ 55 ಗಂಟೆ. ದಾವಣಗೆರೆಯ ವಾಚ್‌ಮನ್ ದಿನಕ್ಕೆ 12 ಗಂಟೆಯಂತೆ ರಜೆಯಿಲ್ಲದೆ ನಿಂತರೆ ವಾರಕ್ಕೆ 84 ಗಂಟೆ.

ರಾತ್ರಿ ಪಾಳಿಯ ಕಥೆ ಇನ್ನೂ ಕಠಿಣ. ದೇಹದೊಳಗೆ ಹಗಲು ಇರುಳನ್ನು ಅಳೆಯುವ ಗಡಿಯಾರವೊಂದು ಹೇಗೆ ನಡೆಯುತ್ತದೆ ಎಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆ ಗಡಿಯಾರವನ್ನು ಕೆಡಿಸುವ ರಾತ್ರಿ ದುಡಿಮೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಹೇಳಿ, 2019ರಲ್ಲಿ ಅದನ್ನೇ ದೃಢಪಡಿಸಿತು. ರಾತ್ರಿಭೋಜನ ತ್ಯಾಗವನ್ನು ವ್ರತವಾಗಿ ಪಾಲಿಸುವ ಸಮಾಜಕ್ಕೆ ಇದು ಹೊಸ ಮಾತಲ್ಲ. ರಾತ್ರಿ ವಿಶ್ರಾಂತಿಗೆಂದು ಇರುವ ಕಾಲವೆಂಬುದನ್ನು ಅರಿತವರು, ಒಬ್ಬನೇ ಮನುಷ್ಯನನ್ನು ವರ್ಷಗಟ್ಟಲೆ ರಾತ್ರಿಗೇ ನೇಮಿಸುವುದು ಎಷ್ಟರಮಟ್ಟಿಗೆ ಸರಿ?

ಇದರ ಮೇಲೆ ದಿನನಿತ್ಯದ ಸಣ್ಣ ಹಿಂಸೆಗಳು. ಗಂಟೆಗಟ್ಟಲೆ ನಿಂತ ಕಾಲುಗಳಲ್ಲಿ ನರ ಉಬ್ಬುತ್ತದೆ, ಸೊಂಟ ಹಿಡಿಯುತ್ತದೆ. ಶೌಚಾಲಯದ ಬೀಗದ ಕೈ ಮಾಲೀಕನ ಬಳಿ ಇರುವುದರಿಂದ ಕಾವಲುಗಾರನು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾನೆ. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ, ದಪ್ಪ ಸಮವಸ್ತ್ರ ಮತ್ತು ಬೂಟಿನೊಳಗೆ, ಇದರ ಫಲ ಮೂತ್ರಪಿಂಡದ ಕಲ್ಲು. ಮಳೆಗಾಲದಲ್ಲಿ ಸೊಳ್ಳೆ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಪಕ್ಕದಲ್ಲಿಯೋ ನೆಲಮಾಳಿಗೆಯ ಜನರೇಟರಿನ ಹೊಗೆಯಲ್ಲಿಯೋ ಅವನ ಹಾಸಿಗೆ. ಡೀಸೆಲ್ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಗಾಳಿಯಾಡದ ಕೋಣೆಯಲ್ಲಿ ಮಲಗಿದವನು ಅದನ್ನು ಅರಿಯುವ ಮೊದಲೇ ಪ್ರಜ್ಞೆ ತಪ್ಪಬಹುದು. ಕಾವಲಿಗೆಂದು ಬಂದವನಿಗೆ ಮೋಟರ್ ಹಾಕುವುದು, ಕಾರು ಒರೆಸುವುದು, ಸಂಪು ತೊಳೆಯುವುದೂ ಸೇರಿಕೊಳ್ಳುತ್ತವೆ. ಕೆಲವೆಡೆ ಶೌಚಗುಂಡಿಯ ಮುಚ್ಚಳವನ್ನೂ ಅವನೇ ತೆಗೆಯಬೇಕು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಶೌಚಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಕಾಯ್ದೆಯಿಲ್ಲದಿದ್ದರೂ ಅದು ಪಾಪವೇ ಆಗಿರುತ್ತಿತ್ತು.

ಪ್ರಾಣಕ್ಕೇ ಎರವಾಗುವ ಅಪಾಯವೂ ಇದೆ. 2025ರ ಜನವರಿ 16ರಂದು ಬೀದರಿನಲ್ಲಿ ಎ.ಟಿ.ಎಂ.ಗೆ ತುಂಬಲು ತಂದ ಹಣವನ್ನು ದೋಚಲು ಬಂದವರು ಹಾಡಹಗಲೇ ಗುಂಡು ಹಾರಿಸಿದರು. ಹಣದ ವಾಹನದ ಸಿಬ್ಬಂದಿಯಲ್ಲಿ ಒಬ್ಬನು ಸತ್ತನು, ಇನ್ನೊಬ್ಬನು ತೀವ್ರವಾಗಿ ಗಾಯಗೊಂಡನು. ಪರರ ಸಂಪತ್ತಿಗೂ ಕಳ್ಳನಿಗೂ ನಡುವೆ ನಿಲ್ಲುವುದೇ ಈ ಕೆಲಸದ ಸ್ವರೂಪ. ರೋಗ ಬಂದಾಗಲೂ ಹಾಗೆಯೇ. 2020ರ ಕೋವಿಡ್ ಕಾಲದಲ್ಲಿ ಎಲ್ಲರೂ ಬಾಗಿಲು ಮುಚ್ಚಿಕೊಂಡಾಗ ಬಾಗಿಲ ಹೊರಗೆ ಉಳಿದವನು ಕಾವಲುಗಾರ. ಸಾವುಗಳನ್ನು ವೃತ್ತಿವಾರು ಎಣಿಸಿದ ಬ್ರಿಟನ್ನಿನ ಅಂಕಿ ಅಂಶ ಕಚೇರಿಯ ಆ ವರ್ಷದ ಮೇ ತಿಂಗಳ ವರದಿಯಲ್ಲಿ, ದುಡಿಯುವ ವಯಸ್ಸಿನ ಗಂಡಸರಲ್ಲಿ ಕೋವಿಡ್ ಸಾವು ಲಕ್ಷಕ್ಕೆ 9.9 ಇದ್ದರೆ ಭದ್ರತಾ ಸಿಬ್ಬಂದಿಯಲ್ಲಿ 45.7 ಇತ್ತು. ಶ್ರೀಮಂತ ದೇಶದಲ್ಲಿಯೇ ಹೀಗಾದರೆ, ಎಣಿಕೆಯೇ ಇಲ್ಲದ ಕಡೆ ಹೇಗಿದ್ದೀತು?

ಶಾಸ್ತ್ರ ಏನು ಹೇಳುತ್ತದೆ

ಅಹಿಂಸಾಣುವ್ರತದ ಅತಿಚಾರಗಳು ಐದು. ತತ್ತ್ವಾರ್ಥಸೂತ್ರವನ್ನು ಓದಿದ ಪ್ರತಿಯೊಬ್ಬ ಶ್ರಾವಕನಿಗೂ ಇವು ಕಂಠಪಾಠ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರೆ ಹೊರಿಸುವುದು, ಅನ್ನ ನೀರನ್ನು ತಡೆಯುವುದು. ಎತ್ತು ಕತ್ತೆಗಳ ವಿಷಯದಲ್ಲಿ ಈ ಐದನ್ನೂ ಸಮಾಜ ಚೆನ್ನಾಗಿ ಅರ್ಥಮಾಡಿಕೊಂಡಿದೆ. ಗೋಶಾಲೆ ಪಾಂಜರಾಪೋಳಗಳೇ ಅದಕ್ಕೆ ಸಾಕ್ಷಿ. ಗೇಟಿನ ಬಳಿಯ ಮನುಷ್ಯನಿಗೆ ಇವನ್ನು ಅನ್ವಯಿಸಿ ನೋಡಬೇಕು. ಬದಲಿ ಆಳು ಬರುವ ತನಕ ಹೆಜ್ಜೆ ಕದಲಿಸಬಾರದೆಂಬ ಕಟ್ಟಳೆ ಬಂಧವಲ್ಲದೆ ಬೇರೇನು? ವಾರಕ್ಕೆ 84 ಗಂಟೆಯ ಹೊರೆ ಅತಿಭಾರಾರೋಪಣವಲ್ಲವೇ? ಉಣ್ಣಲು ಅರ್ಧ ಗಂಟೆಯ ಬಿಡುವನ್ನೂ ಕುಡಿಯಲು ಒಂದು ಕೊಡ ನೀರನ್ನೂ ಇಡದಿರುವುದು ಅನ್ನಪಾನನಿರೋಧವಲ್ಲವೇ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿವಾಹನ, ಅತಿಭಾರವಹನಗಳನ್ನು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಎಣಿಸಿದರು. ಶಕ್ತಿ ಮೀರಿ ದುಡಿಸುವುದರ ಮೂಲ ಲೋಭದಲ್ಲಿದೆ ಎಂಬುದನ್ನು ಆಚಾರ್ಯರು ಕಂಡಿದ್ದರು.

'ಇದೆಲ್ಲ ಏಜೆನ್ಸಿಯವರ ಜವಾಬ್ದಾರಿ. ಹಣ ಕೊಟ್ಟಿದ್ದೇವೆ, ಉಳಿದುದು ಅವರಿಗೆ ಬಿಟ್ಟದ್ದು' ಎಂಬ ಉತ್ತರ ಆಡಳಿತ ಮಂಡಳಿಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಜೈನ ದರ್ಶನದಲ್ಲಿ ಈ ಉತ್ತರಕ್ಕೆ ಸ್ಥಳವಿಲ್ಲ. ಕೃತ, ಕಾರಿತ, ಅನುಮೋದಿತ – ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು – ಮೂರರಿಂದಲೂ ಕರ್ಮದ ಆಸ್ರವವಿದೆ. ಗುತ್ತಿಗೆ ಪತ್ರದಿಂದ ಕಾನೂನಿನ ಹೊಣೆಯನ್ನು ಒಂದಿಷ್ಟು ದಾಟಿಸಬಹುದು. ಕರ್ಮವನ್ನು ದಾಟಿಸಲು ಬರುವುದಿಲ್ಲ. ಅತ್ಯಂತ ಕಡಿಮೆ ದರದ ಕೊಟೇಶನ್ನಿಗೆ ಸಹಿ ಹಾಕಿದವನು, ಆ ದರದಲ್ಲಿ ನ್ಯಾಯವಾದ ಕೂಲಿ ಕೊಡಲು ಸಾಧ್ಯವೇ ಇಲ್ಲವೆಂದು ಅರಿತಿದ್ದರೆ, ಅದು ಕಾರಿತ. ಅರಿಯದಿದ್ದರೆ ಅದು ಪ್ರಮಾದ. ಪ್ರಮಾದವೇ ಹಿಂಸೆಯ ಬೀಜವೆಂಬುದು ಜೈನ ಸಿದ್ಧಾಂತ.

ವ್ಯಾಪಾರ ವೃತ್ತಿಯಲ್ಲಿ ಉದ್ಯೋಗೀ ಹಿಂಸೆ ಅನಿವಾರ್ಯವೆಂದು ಇನ್ನು ಕೆಲವರು ವಾದಿಸುವರು. ಗೃಹಸ್ಥನಿಗೆ ಆ ವಿನಾಯಿತಿ ಇರುವುದು ನಿಜ. ಆದರೆ ಅದು ಯತ್ನಪೂರ್ವಕವಾಗಿಯೂ ತಪ್ಪಿಸಲಾಗದ ಹಿಂಸೆಗೆ ಮಾತ್ರ. ಒಂದು ಕುರ್ಚಿ, ಒಂದು ಫ್ಯಾನು, ಒಂದು ಶೌಚಾಲಯದ ಬೀಗದ ಕೈಯಿಂದ ತಪ್ಪುವ ಹಿಂಸೆಯನ್ನು ಅನಿವಾರ್ಯವೆನ್ನುವುದು ಶಾಸ್ತ್ರಕ್ಕೆ ಮಾಡುವ ಅಪಚಾರ.

ಖಾತೆ ಪುಸ್ತಕದ ಸಾಕ್ಷಿ

ಧರ್ಮದ ಮಾತಿಗೆ ಕಿವಿಗೊಡದವರು ಲೆಕ್ಕಕ್ಕಾದರೂ ಕಿವಿಗೊಡಬೇಕು. ಒಂದು ಗೇಟನ್ನು ಹಗಲಿರುಳು ಕಾಯಲು ವಾರಕ್ಕೆ 168 ಗಂಟೆಗಳ ಕಾವಲು ಬೇಕು. ಒಬ್ಬನ ವಾರದ ಮಿತಿ 48 ಗಂಟೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಅಂದರೆ ಒಂದು ಗೇಟಿಗೆ ಮೂರೂವರೆ ಆಳು, ಎರಡು ಗೇಟಿಗೆ ಏಳು ಆಳು. ಇಬ್ಬರಿಂದ ಒಂದು ಗೇಟು ನಡೆಯುತ್ತದೆ ಎನ್ನುವ ಯಾವ ಕೊಟೇಶನ್ನಾದರೂ ಮೊದಲ ಸಾಲಿನಲ್ಲಿಯೇ ತಪ್ಪು.

ಇಬ್ಬರನ್ನೇ ಇಟ್ಟುಕೊಂಡರೆ ಒಬ್ಬೊಬ್ಬನಿಗೂ 48ರ ಮೇಲೆ 36 ಗಂಟೆ ಹೆಚ್ಚು ದುಡಿಮೆ. ಹೆಚ್ಚಿನ ಗಂಟೆಗೆ ಇಮ್ಮಡಿ ಕೂಲಿ ಕೊಡಬೇಕೆಂಬುದು ಕಾನೂನು. 36ರ ಇಮ್ಮಡಿ 72, ಅದಕ್ಕೆ 48 ಕೂಡಿಸಿದರೆ 120 ಗಂಟೆಗಳ ಕೂಲಿ, ಇಬ್ಬರಿಗೆ 240. ಮೂರೂವರೆ ಆಳಿನ ಕೂಲಿಯಾದರೋ 168 ಗಂಟೆಗಳದು ಮಾತ್ರ. ಪ್ರಾಮಾಣಿಕವಾಗಿ ಕೂಲಿ ಕೊಡುವವನಿಗೆ ಮೂರೂವರೆ ಆಳೇ ಅಗ್ಗ. ಇಬ್ಬರು ಆಳು ಅಗ್ಗವಾಗುವುದು ಹೆಚ್ಚಿನ ದುಡಿಮೆಯ ಕೂಲಿಯನ್ನು ನುಂಗಿದಾಗ ಮಾತ್ರ. ಈ ಉಳಿತಾಯಕ್ಕೆ ವ್ಯಾಪಾರದ ಭಾಷೆಯಲ್ಲಿ ಏನೆಂದು ಹೆಸರಿಟ್ಟರೂ ವ್ರತದ ಭಾಷೆಯಲ್ಲಿ ಹೆಸರು ಒಂದೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು: ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ. ಹನ್ನೆರಡು ಗಂಟೆ ಕೊಂಡು ಎಂಟು ಗಂಟೆಯ ಬೆಲೆ ಕೊಡುವವನ ತಕ್ಕಡಿ ಯಾವುದು? ಮಂಡಿಯಲ್ಲಿ ತೂಕ ತಪ್ಪಿಸಿದರೆ ನಾಚುವ ವರ್ತಕನು ಗೇಟಿನಲ್ಲಿ ಏಕೆ ನಾಚುವುದಿಲ್ಲ?

ಕಾರ್ಖಾನೆಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಯವರೆಗೂ ದುಡಿಸಬಹುದೆಂದು 2023ರಲ್ಲಿ ಕರ್ನಾಟಕ ತಿದ್ದುಪಡಿ ತಂದಿತಲ್ಲವೇ ಎಂದು ಕೆಲವರು ಕೇಳಬಹುದು. ಆ ತಿದ್ದುಪಡಿಯೂ ವಾರದ 48 ಗಂಟೆಯ ಮಿತಿಯನ್ನು ಹಾಗೆಯೇ ಉಳಿಸಿತ್ತು. ಹನ್ನೆರಡರಂತೆ ನಾಲ್ಕು ದಿನ ದುಡಿಸಿದರೆ ಮೂರು ದಿನ ರಜೆ ಕೊಡಬೇಕಾಗುತ್ತದೆ. ಯಾವ ವಾಚ್‌ಮನ್‌ಗೆ ವಾರದಲ್ಲಿ ಮೂರು ದಿನ ರಜೆ ಇದೆ?

ಕಾನೂನಿನ ಕೊರತೆ ಈಗ ನೆಪವಾಗಲಾರದು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಈ ವ್ಯವಹಾರ ನಡೆಸುವಂತಿಲ್ಲ. ಅದರ ಕೆಳಗೆ 2006ರಲ್ಲಿ ಬಂದ ಕೇಂದ್ರದ ಮಾದರಿ ನಿಯಮಗಳು ಕಾವಲುಗಾರನಿಗೆ 100 ಗಂಟೆಗಳ ಪಾಠ, 60 ಗಂಟೆಗಳ ಪ್ರಾಯೋಗಿಕ ತರಬೇತಿ, ಪ್ರತಿವರ್ಷ ವೈದ್ಯಕೀಯ ಪರೀಕ್ಷೆ ಎಂದು ವಿಧಿಸಿದವು. ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ – ಎರಡೂ ಆ ಪಾಠದಲ್ಲಿವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳ ಜೊತೆಗೆ ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ, ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಎಂಬ ಭರವಸೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ನೆರೆಯ ಮಹಾರಾಷ್ಟ್ರವು 1981ರಲ್ಲಿಯೇ ಕಾವಲುಗಾರರ ನೇಮಕ ಮತ್ತು ಕಲ್ಯಾಣಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನು ಮಾಡಿ ಮಂಡಳಿ ರಚನೆಗೆ ದಾರಿ ಮಾಡಿತು. ಅಂಗಡಿಗಳಲ್ಲಿ ದಿನವಿಡೀ ನಿಲ್ಲುವವರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಕೊಟ್ಟವು. ಒಂದು ಸ್ಟೂಲಿಗಾಗಿ ವಿಧಾನಸಭೆ ಕೂಡಬೇಕಾಯಿತೆಂಬುದು ಮಾಲೀಕ ವರ್ಗಕ್ಕೆ ಶೋಭೆ ತರುವ ಸಂಗತಿಯಲ್ಲ.

ನಾಲ್ಕು ಆಕ್ಷೇಪಗಳು

'ಕುರ್ಚಿ ಕೊಟ್ಟರೆ ನಿದ್ರೆ ಮಾಡುತ್ತಾನೆ' ಎಂಬುದು ಮೊದಲನೆಯ ಆಕ್ಷೇಪ. 84 ಗಂಟೆ ದುಡಿದವನು ನಿಂತಲ್ಲಿಯೇ ತೂಕಡಿಸುತ್ತಾನೆ, ದೋಷ ಕುರ್ಚಿಯದಲ್ಲ. 2024ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ನ್ಯಾಮತಿಯ ಬ್ಯಾಂಕಿನಿಂದ ಸುಮಾರು 17 ಕಿಲೋ ಚಿನ್ನ ಕಳವಾಯಿತು. ಅಂಥ ಕಳ್ಳರಿಗೆ ಎದುರಾಗಿ ಬೇಕಾದುದು ಎಚ್ಚರವಿರುವ ಕಣ್ಣು. ಎಚ್ಚರವು ವಿಶ್ರಾಂತಿಯಿಂದ ಬರುತ್ತದೆ.

'ಹನ್ನೆರಡು ಗಂಟೆ ಬೇಕೆಂದು ಅವನೇ ಕೇಳುತ್ತಾನೆ' ಎಂಬುದು ಎರಡನೆಯದು. ಎಂಟು ಗಂಟೆಯ ಸಂಬಳದಲ್ಲಿ ಸಂಸಾರ ಸಾಗದಿದ್ದರೆ ಅವನು ಹದಿನಾರು ಗಂಟೆಯನ್ನೂ ಕೇಳಿಯಾನು. ಹಸಿದವನ ಒಪ್ಪಿಗೆಯನ್ನು ಮುಂದಿಟ್ಟು ತನ್ನ ವ್ರತಭಂಗವನ್ನು ಮುಚ್ಚಿಕೊಳ್ಳುವುದು ಶ್ರಾವಕನಿಗೆ ತಕ್ಕುದಲ್ಲ.

'ನಮ್ಮದು ನೇರ ನೇಮಕ, ಮನೆಯವನಂತೆ ಇದ್ದಾನೆ' ಎಂಬುದು ಮೂರನೆಯದು. ಏಜೆನ್ಸಿಗಳ ಕಾಯ್ದೆ ನೇರ ನೇಮಕದವನನ್ನು ಕಾಯುವುದಿಲ್ಲ. ಆದುದರಿಂದ ಅವನ ವಿಷಯದಲ್ಲಿ ಮಾಲೀಕನ ಆತ್ಮಸಾಕ್ಷಿಯೇ ಕಾಯ್ದೆ. ಮನೆಯವನಂತೆ ಇದ್ದರೆ ಮನೆಯವನು ಮಲಗುವಂಥ ಕೋಣೆಯಲ್ಲಿ ಅವನೂ ಮಲಗಬೇಕಲ್ಲವೇ?

ನಾಲ್ಕನೆಯದು ಮಂದಿರದ ಟ್ರಸ್ಟುಗಳದು: 'ದೇವದ್ರವ್ಯವನ್ನು ಆಳಿನ ಸೌಕರ್ಯಕ್ಕೆ ಬಳಸುವಂತಿಲ್ಲ.' ದೇವದ್ರವ್ಯದ ಮರ್ಯಾದೆಯನ್ನು ಯಾರೂ ಮುರಿಯಬೇಕಾಗಿಲ್ಲ. ಸಾಧಾರಣ ಖಾತೆ ಇರುವುದು ಇಂಥ ಕಾರ್ಯಗಳಿಗೇ. ಅದರಲ್ಲಿ ಹಣ ಸಾಲದಿದ್ದರೆ ದಾನಿಗಳಿದ್ದಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನಗಳು ನಾಲ್ಕು. ಊರಿಗೆಲ್ಲ ಅಭಯ ಕೊಡುವವನಿಗೆ ಔಷಧದಾನ ಮಾಡುವುದಕ್ಕಿಂತ ಪಾತ್ರವಾದ ದಾನ ಎಲ್ಲಿದೆ? ಉತ್ಸವದ ದಿನ ಬೋಲಿ ಕೂಗುವ ಸಮಾಜವು ಕಾವಲುಗಾರರ ಆರೋಗ್ಯ ನಿಧಿಗಾಗಿ ಒಂದು ಬೋಲಿ ಕೂಗಲಾರದೇ?

2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ನಾಡಿನ ಜೈನರೆಲ್ಲ ಕಣ್ಣೀರಿಟ್ಟರು. ಅಂಥ ದುಃಖದ ಹೊತ್ತಿನಲ್ಲಿ ಬೀಗ, ಕ್ಯಾಮರಾ, ಕಾವಲುಗಳ ಮಾತು ಎಲ್ಲ ಕಡೆಯೂ ಏಳುತ್ತದೆ. ಬಿಂಬವನ್ನು ಕಾಯುವ ಮನುಷ್ಯನ ಮಾತು ಮಾತ್ರ ಏಳುವುದಿಲ್ಲ. ಜಿನಾಲಯದ ಬಾಗಿಲಿನ ಇಕ್ಕೆಲದಲ್ಲಿ ಕಲ್ಲಿನ ದ್ವಾರಪಾಲಕರಿರುತ್ತಾರೆ. ಕ್ಷೇತ್ರಪಾಲನಿಗೆ ಎಣ್ಣೆ, ಸಿಂದೂರ, ಪೂಜೆ ತಪ್ಪುವುದಿಲ್ಲ. ಕಲ್ಲಿನ ದ್ವಾರಪಾಲಕನು ಸಾವಿರ ವರ್ಷ ನಿಂತಾನು. ಅವನ ಪಕ್ಕದಲ್ಲಿ ನಿಂತವನ ಕಾಲು ಸಂಜೆಯ ಹೊತ್ತಿಗೆ ಊದಿಕೊಂಡಿರುತ್ತದೆ.

ಟ್ರಸ್ಟುಗಳು ಮಾಡತಕ್ಕದ್ದು

ದಾವಣಗೆರೆ ಹರಿಹರಗಳ ಜೈನ ಮಂದಿರಗಳು, ಧರ್ಮಶಾಲೆಗಳು, ವಿದ್ಯಾಸಂಸ್ಥೆಗಳು ಮತ್ತು ವರ್ತಕ ಕುಟುಂಬಗಳು ಬರುವ ಪರ್ವದೊಳಗಾಗಿ ಈ ಕೆಳಗಿನವನ್ನು ಠರಾವಿನ ಮೂಲಕ ಒಪ್ಪಿಕೊಳ್ಳಬೇಕು.

ಒಂದು: ಎಂಟು ಗಂಟೆಯ ಮೂರು ಪಾಳಿ, ವಾರಕ್ಕೊಂದು ರಜೆ, ರಜೆಯ ದಿನಕ್ಕೆ ಬದಲಿ ಆಳು. ಒಬ್ಬನನ್ನೇ ಸದಾ ರಾತ್ರಿಗೆ ಹಾಕದೆ ಪಾಳಿಯನ್ನು ಸರದಿಯಂತೆ ಬದಲಿಸತಕ್ಕದ್ದು.

ಎರಡು: ಬೆನ್ನಿಗೆ ಆಸರೆಯಿರುವ ಕುರ್ಚಿ, ಬಿಸಿಲು ಮಳೆಗೆ ಮಾಡು, ಫ್ಯಾನು, ಸೊಳ್ಳೆ ಪರದೆ, ಸೋಸಿದ ಕುಡಿಯುವ ನೀರು, ಬೀಗವಿಲ್ಲದ ಶೌಚಾಲಯ. ಜನರೇಟರ್ ಕೋಣೆಯಲ್ಲಿ ಮಲಗುವುದನ್ನು ನಿಷೇಧಿಸಿ ಬೇರೆ ಜಾಗ ಕೊಡತಕ್ಕದ್ದು.

ಮೂರು: ಟಾರ್ಚು, ಮಳೆ ಅಂಗಿ, ಪೊಲೀಸರಿಗೂ ಟ್ರಸ್ಟಿನವರಿಗೂ ಕೂಡಲೇ ಫೋನು ಮಾಡುವ ವ್ಯವಸ್ಥೆ. ಶಸ್ತ್ರಧಾರಿ ಕಳ್ಳರು ಬಂದರೆ ಪ್ರಾಣ ಒಡ್ಡದೆ ಕೂಗಿ ಕರೆಯುವುದೇ ಅವನ ಕರ್ತವ್ಯವೆಂದು ಬರೆದು ಕೊಡತಕ್ಕದ್ದು. ಚಿನ್ನವನ್ನು ಮತ್ತೆ ಗಳಿಸಬಹುದು.

ನಾಲ್ಕು: ಸಂಪು, ಶೌಚಗುಂಡಿ, ವಿದ್ಯುತ್ ಕೆಲಸಗಳನ್ನು ಕಾವಲುಗಾರನಿಂದ ಮಾಡಿಸಕೂಡದು.

ಐದು: ಏಜೆನ್ಸಿಯ ಪರವಾನಗಿ, ತರಬೇತಿಯ ದಾಖಲೆ, ಪಿ.ಎಫ್. ಮತ್ತು ಇ.ಎಸ್.ಐ. ಕಟ್ಟಿದ ಚಲನ್‌ಗಳನ್ನು ನೋಡಿದ ಮೇಲೆಯೇ ಪ್ರತಿ ತಿಂಗಳ ಬಿಲ್ಲನ್ನು ಪಾಸು ಮಾಡತಕ್ಕದ್ದು. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಇ.ಎಸ್.ಐ.ಗೆ ಮಾಲೀಕನ ಪಾಲು ಶೇ. 3.25, ಕಾರ್ಮಿಕನ ಪಾಲು ಶೇ. 0.75. ಹದಿನೈದು ಸಾವಿರ ರೂಪಾಯಿ ಸಂಬಳದವನಿಗೆ ಮಾಲೀಕನು ಕಟ್ಟಬೇಕಾದುದು ತಿಂಗಳಿಗೆ 487 ರೂಪಾಯಿ 50 ಪೈಸೆ. ಇಷ್ಟನ್ನು ಕಟ್ಟದ ಕಾರಣಕ್ಕೆ ಊರಿನಲ್ಲಿಯೇ ಇರುವ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ಒಂದು ಕುಟುಂಬಕ್ಕೆ ಮುಚ್ಚಿರುತ್ತದೆ.

ಆರು: ಸಮಾಜವು ಮಹಾವೀರ ಜಯಂತಿಯಂದು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಎಲ್ಲ ಜೈನ ಸಂಸ್ಥೆಗಳ ಕಾವಲುಗಾರರ ರಕ್ತದೊತ್ತಡ, ಸಕ್ಕರೆ, ಕಣ್ಣು, ಮೂತ್ರಪಿಂಡಗಳ ಪರೀಕ್ಷೆ ಮೊದಲು ಆಗತಕ್ಕದ್ದು.

ಇವುಗಳಿಗೆ ಖರ್ಚಾಗುತ್ತದೆ. ಮೇಲಿನ ಲೆಕ್ಕವನ್ನು ಓದಿದವರಿಗೆ ಆ ಖರ್ಚು ಹೊಸದಲ್ಲ, ಬಹುಕಾಲದಿಂದ ಕೊಡದೆ ಉಳಿಸಿಕೊಂಡ ಬಾಕಿ ಎಂಬುದು ತಿಳಿಯುತ್ತದೆ. ಸಾಲವನ್ನು ತೀರಿಸುವುದಕ್ಕೆ ದಾನವೆಂಬ ಹೆಸರು ಸಲ್ಲದು.

ವರ್ಷಕ್ಕೊಮ್ಮೆ ಪ್ರತಿಯೊಂದು ಜೈನ ಕುಟುಂಬವೂ ಎಲ್ಲ ಜೀವಗಳ ಕ್ಷಮೆಯನ್ನು ಯಾಚಿಸುತ್ತದೆ. ಪತ್ರ ಬರೆದು, ಕೈಮುಗಿದು, ಬಂಧುಗಳ ಮನೆಗೆ ಹೋಗಿ ಯಾಚಿಸುವುದುಂಟು. ಆ ಮನೆಗಳಿಗೆ ಹೋಗುವಾಗ ದಾಟುವ ಮೊದಲ ಜೀವ ಗೇಟಿನ ಬಳಿ ನಿಂತಿರುತ್ತದೆ. ಅವನೆದುರು ಕೈಮುಗಿಯುವುದಕ್ಕೆ ಮೊದಲು ಅವನ ಪಾಳಿಯನ್ನು ಎಂಟು ಗಂಟೆಗೆ ಇಳಿಸಬೇಕು, ಕುರ್ಚಿ ತಂದಿಡಬೇಕು, ಬಾಕಿ ಕೂಲಿಯನ್ನು ಎಣಿಸಿ ಕೊಡಬೇಕು. ಕ್ಷಮಾಪಣೆ ಆ ಬಳಿಕ ಸಲ್ಲುತ್ತದೆ.